2023ರ ಗೇಮ್‌ಗಳಲ್ಲಿ ಯಾವುದು ತಗೊಳ್ಳಬೇಕು, ಯಾವುದು ಬೇಡ?

2023ರ ಗೇಮ್‌ಗಳಲ್ಲಿ ಒಂದನ್ನೇ ಕೊಳ್ಳೋದಾದರೆ ಯಾವುದು, ಯಾವುದನ್ನು ಮುಟ್ಟಲೇಬಾರದು ಅಂತ ಕೇಳಿದ್ದೀರಿ. ಕಣ್ಣು ಮುಚ್ಚಿಕೊಂಡು ಬಾಲ್ಡರ್ಸ್ ಗೇಟ್ 3 ತಗೊಳ್ಳಿ. ಬೆಲ್ಜಿಯಂನ ಲಾರಿಯನ್ ಸ್ಟುಡಿಯೋಸ್ ಮಾಡಿದ್ದು; ಮಾಯಾಮಂತ್ರದ ಲೋಕದಲ್ಲಿ ನೀವೇ ಒಂದು ಪಾತ್ರವಾಗಿ ಆಡುವ ವಿಡಿಯೋ ಗೇಮ್. ಮೊದಲ ಭಾಗದಲ್ಲೇ ಸತ್ತುಬಿದ್ದ ಒಡೆಯನನ್ನು ಕಾಯುತ್ತಾ ಸ್ಕ್ರ್ಯಾಚ್ ಅನ್ನೋ ನಾಯಿ ನಿಂತಿರುತ್ತದೆ. ಪ್ರಾಣಿಗಳ ಜೊತೆ ಮಾತಾಡುವ ಮಂತ್ರ ಹಾಕಿ, ಮೆಲ್ಲಗೆ ಮಾತಾಡಿಸಿ. ನನಗಂತೂ ಗಂಟಲು ಕಟ್ಟಿತು. ಆಮೇಲೆ ಅದು ನಿಮ್ಮ ಬಿಡಾರಕ್ಕೇ ಬರುತ್ತದೆ, ಚೆಂಡು ಎಸೆದರೆ ತಂದುಕೊಡುತ್ತದೆ! ಇಷ್ಟು ಸಣ್ಣ ವಿಷಯಕ್ಕೂ ಇಷ್ಟು ಪ್ರೀತಿ ಹಾಕಿದ ಗೇಮ್ ಅಪರೂಪ ಅಲ್ವಾ? ಸಮಯ ಮಾತ್ರ ಜಾಸ್ತಿ ಬೇಕು, ಆರಾಮಾಗಿ ನೂರು ಗಂಟೆ ಹಿಡಿಯುತ್ತದೆ.

ಕೆಟ್ಟದ್ದು ಅಂದರೆ ನನ್ನ ಪ್ರಕಾರ ಲಾರ್ಡ್ ಆಫ್ ದಿ ರಿಂಗ್ಸ್: ಗೊಲ್ಲಮ್. ಮೇ ತಿಂಗಳಲ್ಲಿ ಬಿಡುಗಡೆಯಾದ ಬೆನ್ನಲ್ಲೇ, ಗೇಮ್ ನಿರೀಕ್ಷೆ ಮುಟ್ಟಲಿಲ್ಲ ಅಂತ ಮಾಡಿದವರೇ ಕ್ಷಮೆ ಕೇಳಿದರು. ಅರ್ಧ ಬೆಲೆಗೆ ಸಿಕ್ಕರೂ ಬೇಡ.