ಮೆದುಳಿನ ಮೇಲೆ ನಿಂತ ಹಳೇ ರಕ್ತ: ನಿಮ್ಮ ಪ್ರಶ್ನೆ, ವೈದ್ಯರ ಉತ್ತರ

ಈ ಸಲದ ನಾಲ್ಕು ಪತ್ರಗಳು ಒಂದೇ ಕಾಯಿಲೆಯ ಬಗ್ಗೆ ಇವೆ: ವಯಸ್ಸಾದವರ ಮೆದುಳಿನ ಮೇಲೆ ನಿಧಾನವಾಗಿ ಕೂಡಿಕೊಳ್ಳುವ ರಕ್ತ, ಅಂದರೆ ಕ್ರಾನಿಕ್ ಸಬ್‌ಡ್ಯೂರಲ್ ಹೆಮಟೋಮಾ. ಉತ್ತರಿಸಿದವರು ನರಶಸ್ತ್ರಚಿಕಿತ್ಸಾ ತಜ್ಞರು.

ತಂದೆಗೆ 76 ವರ್ಷ. ಆರು ವಾರದ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದು ಹಣೆಗೆ ಬುಗುಟೆ ಬಂದಿತ್ತು, ಅವತ್ತಿನ ಸ್ಕ್ಯಾನ್‌ನಲ್ಲಿ ಏನೂ ಇರಲಿಲ್ಲ. ಈಗ ಹತ್ತು ದಿನದಿಂದ ಮಂಕಾಗಿದ್ದಾರೆ. ಎಡಗಾಲಿನ ಚಪ್ಪಲಿ ಕಳಚಿಕೊಂಡರೂ ಗೊತ್ತಾಗುವುದಿಲ್ಲ. ಅರಳುಮರಳು ಅಂದುಕೊಂಡಿದ್ದೆವು, ಈಗ ನೋಡಿದರೆ ಮೆದುಳಿನ ಮೇಲೆ ರಕ್ತ ನಿಂತಿದೆ ಅನ್ನುತ್ತಾರೆ. ಇಷ್ಟು ದಿನದ ಮೇಲೆ ರಕ್ತ ಎಲ್ಲಿಂದ ಬಂತು? (ಶಿರಸಿ)

ಅದು ಅವತ್ತು ಸುರಿದ ರಕ್ತವಲ್ಲ, ಆಮೇಲೆ ಜಿನುಗಿದ್ದು. ವಯಸ್ಸಾದಂತೆ ಮೆದುಳು ಕುಗ್ಗುತ್ತದೆ. ಮೆದುಳಿನಿಂದ ಹೊರಪದರವಾದ ಡ್ಯೂರಾಕ್ಕೆ ಹೋಗುವ ಸಣ್ಣ ಅಭಿಧಮನಿಗಳು ಆಗ ಬಿಗಿಯಾಗಿ ಎಳೆದುಕೊಂಡಿರುತ್ತವೆ, ಸಣ್ಣ ಪೆಟ್ಟಿಗೂ ಹರಿಯಬಹುದು. ನಿಜವಾದ ತೊಂದರೆ ಶುರುವಾಗುವುದು ದೇಹ ಅದನ್ನು ಮಾಯಿಸಲು ಹೊರಟಾಗ. ರಕ್ತದ ಸುತ್ತ ಪೊರೆ ಕಟ್ಟುತ್ತದೆ, ಹೊರಪೊರೆಯಲ್ಲಿ ಹೊಸ ರಕ್ತನಾಳಗಳು ಹುಟ್ಟುತ್ತವೆ. ಅವು ಎಷ್ಟು ನಾಜೂಕೆಂದರೆ ಸೋರುತ್ತಲೇ ಇರುತ್ತವೆ. ಹೆಪ್ಪು ಕರಗಿಸುವ ಅಂಶಗಳೂ ಅಲ್ಲೇ ಇರುವುದರಿಂದ ಸೋರಿದ್ದು ಗಟ್ಟಿಯಾಗುವುದಿಲ್ಲ.

ಸಿ.ಟಿ.ಯಲ್ಲಿ ಹೊಸ ರಕ್ತ ಬೆಳ್ಳಗೆ, ಮೂರು ವಾರ ದಾಟಿದ್ದು ಕಪ್ಪಗೆ ಕಾಣುತ್ತದೆ. ನಡುವಿನ ದಿನಗಳಲ್ಲಿ ಅದರ ಬಣ್ಣ ಮೆದುಳಿನಷ್ಟೇ ಬೂದು. ಎರಡೂ ಬದಿ ಸಮನಾಗಿ ಕೂಡಿದ್ದರೆ ಮೆದುಳಿನ ಮಧ್ಯರೇಖೆಯೂ ಸರಿದಿರುವುದಿಲ್ಲ, ಪಳಗಿದ ಕಣ್ಣಿಗೂ ತಪ್ಪಿಹೋಗಬಹುದು. ಲಕ್ಷಣಗಳಿದ್ದು ಸಿ.ಟಿ. ಸರಿಯಿದೆ ಎಂದರೆ ಎಂ.ಆರ್.ಐ. ಬಗ್ಗೆ ಕೇಳಿ. ಇನ್ನು ಅರಳುಮರಳಿನ ಮಾತು: ಅದು ವರ್ಷಗಟ್ಟಲೆ ಬೆಳೆಯುವಂಥದ್ದು, ಹತ್ತು ದಿನದಲ್ಲಿ ಬರುವುದಿಲ್ಲ.

ತಲೆಗೆ ತೂತು ಕೊರೆಯದೆ, ತೊಡೆಯ ರಕ್ತನಾಳದ ಮೂಲಕ ಗುಣಪಡಿಸುವ ಹೊಸ ವಿಧಾನವಿದೆಯಂತೆ. ಆಪರೇಷನ್ ತಪ್ಪಿಸಬಹುದೆ? (ದಾವಣಗೆರೆ)

ರೋಗಿ ತೂಕಡಿಸುತ್ತಿದ್ದರೆ, ಕೈಕಾಲು ಸೋತಿದ್ದರೆ ತಪ್ಪಿಸಲಾಗದು. ತೂತೆಂದರೆ ಸುಮಾರು ಒಂದರಿಂದ ಒಂದೂವರೆ ಸೆಂಟಿಮೀಟರ್ ಅಗಲದ ಒಂದೋ ಎರಡೋ ರಂಧ್ರ. ಅಶಕ್ತರಿಗೆ ಜಾಗ ಮರಗಟ್ಟಿಸಿಯೂ ಮಾಡುತ್ತಾರೆ. ಡ್ಯೂರಾ ಸೀಳಿದೊಡನೆ ಹಳೇ ಎಂಜಿನ್ ಆಯಿಲ್‌ನಂಥ ದ್ರವ ಹೊರಬರುತ್ತದೆ. ಮೈಬಿಸಿಯ ಸಲೈನ್‌ನಿಂದ ತಿಳಿಯಾಗುವವರೆಗೆ ತೊಳೆದು, ಮೆತ್ತನೆಯ ಡ್ರೈನ್ ಕೊಳವೆ ಇಟ್ಟು ಹೊಲಿಯುತ್ತಾರೆ. ಈ ಎರಡು ಹೆಜ್ಜೆಗಳನ್ನು ಬಿಡಬಾರದು. 2009ರ ಬ್ರಿಟಿಷ್ ಪ್ರಯೋಗದಲ್ಲಿ ಡ್ರೈನ್ ಇಟ್ಟವರಲ್ಲಿ ಶೇ. 9.3 ಮಂದಿಗೆ ರಕ್ತ ಮರುಕಳಿಸಿತು, ಇಡದವರಲ್ಲಿ ಶೇ. 24 ಮಂದಿಗೆ. ತೊಳೆಯದೆ ಬಿಟ್ಟರೆ ಆದೀತೇ ಎಂದು ಫಿನ್ಲೆಂಡಿನವರು ನೋಡಿದರು. 2024ರಲ್ಲಿ ಬಂದ ಫಲಿತಾಂಶದಂತೆ ಮರು ಆಪರೇಷನ್ ತೊಳೆದವರಲ್ಲಿ ಶೇ. 12.6, ತೊಳೆಯದವರಲ್ಲಿ ಶೇ. 18.3.

ನೀವು ಕೇಳಿದ್ದು ಮಿಡ್ಲ್ ಮೆನಿಂಜಿಯಲ್ ಅಪಧಮನಿಯ ಎಂಬೊಲೈಸೇಷನ್. ಸೋರುವ ಹೊರಪೊರೆಗೆ ರಕ್ತ ಕೊಡುವುದು ಆ ಅಪಧಮನಿಯೇ. ತೊಡೆಸಂದಿಯಿಂದಲೋ ಮಣಿಕಟ್ಟಿನಿಂದಲೋ ಕೂದಲೆಳೆಯಂಥ ಕ್ಯಾತಿಟರ್ ತೂರಿಸಿ, ಅಂಟಿನಂಥ ದ್ರವವನ್ನೋ ಸಣ್ಣ ಕಣಗಳನ್ನೋ ಹರಿಸಿ ಅದನ್ನು ಮುಚ್ಚುತ್ತಾರೆ. ತೋಟಕ್ಕೆ ನೀರು ನುಗ್ಗಿದಾಗ ಕಾಲುವೆಯ ಬಾಯಿ ಕಟ್ಟಿದ ಹಾಗೆ: ನಿಂತ ನೀರು ಇಂಗಲು ವಾರಗಳೇ ಬೇಕು. ಆದ್ದರಿಂದ ತುರ್ತಿಗೆ ಇದು ಒದಗುವುದಿಲ್ಲ.

ಫಲಿತಾಂಶ? ಅಮೆರಿಕದ ಎಂಬೊಲೈಸ್ ಪ್ರಯೋಗದಲ್ಲಿ (400 ಮಂದಿ, 2024) ಆಪರೇಷನ್ ಜೊತೆಗೆ ಇದನ್ನೂ ಮಾಡಿಸಿಕೊಂಡವರಲ್ಲಿ 90 ದಿನದೊಳಗೆ ಮತ್ತೆ ಆಪರೇಷನ್ ಬೇಕಾದದ್ದು ಶೇ. 4.1, ಬರೀ ಆಪರೇಷನ್ ಆದವರಲ್ಲಿ ಶೇ. 11.3. ಅಂದರೆ ಸುಮಾರು 14 ಮಂದಿಗೆ ಮಾಡಿದರೆ ಒಬ್ಬರಿಗೆ ಎರಡನೇ ಆಪರೇಷನ್ ತಪ್ಪುತ್ತದೆ. ಆದರೆ ಚೀನಾದ ಮ್ಯಾಜಿಕ್-ಎಂಟಿ ಪ್ರಯೋಗದಲ್ಲಿ (722 ಮಂದಿ) ಮರುಕಳಿಸಿದ್ದು ಅಥವಾ ಹೆಚ್ಚಿದ್ದು ಇದನ್ನು ಮಾಡಿಸಿಕೊಂಡವರಲ್ಲಿ ಶೇ. 6.7, ಮಾಡಿಸಿಕೊಳ್ಳದವರಲ್ಲಿ 9.9, ಫ್ರಾನ್ಸಿನ ಎಂಪ್ರೊಟೆಕ್ಟ್‌ನಲ್ಲಿ (342 ಮಂದಿ, 2025) ಆರು ತಿಂಗಳಲ್ಲಿ ಶೇ. 14.8 ಮತ್ತು 21. ವಾಲುವುದು ಒಂದೇ ಕಡೆಗೆ, ಆದರೆ ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಈ ಎರಡರ ಅಂತರ ಖಚಿತವೆನ್ನುವಷ್ಟಿಲ್ಲ.

ಅಪಾಯವೂ ಇದೆ. ಈ ಅಪಧಮನಿಗೆ ಕೆಲವರಲ್ಲಿ ಕಣ್ಣಿನ ರಕ್ತನಾಳದೊಡನೆ ಸಂಪರ್ಕವಿರುತ್ತದೆ, ಅದರ ಒಂದು ಕವಲು ಮುಖದ ನರಕ್ಕೂ ಹೋಗುತ್ತದೆ. ಡೈ ಬಿಟ್ಟು ರಕ್ತನಾಳ ತೋರಿಸುವ ಆಂಜಿಯೋಗ್ರಾಮ್‌ನಲ್ಲಿ ಇದನ್ನು ಗಮನಿಸದೆ ದ್ರವ ಬಿಟ್ಟರೆ ದೃಷ್ಟಿ ಹೋಗಬಹುದು, ಬಾಯಿ ಸೊಟ್ಟಗಾಗಬಹುದು. ಎಂಬೊಲೈಸ್‌ನಲ್ಲಿ ಇಬ್ಬರಿಗೆ ಅಂಗವೈಕಲ್ಯ ತರುವ ಪಾರ್ಶ್ವವಾಯು ಆಯಿತು. ಹೀಗಾಗಿ ನಮ್ಮ ಅಭಿಪ್ರಾಯ: ಒಮ್ಮೆ ಮರುಕಳಿಸಿದವರಿಗೆ, ರಕ್ತ ತೆಳುವಾಗಿಸುವ ಮಾತ್ರೆ ಬಿಡಲಾಗದವರಿಗೆ ಇದನ್ನು ಯೋಚಿಸಬಹುದು, ಎಲ್ಲರಿಗೂ ಬೇಕಿಲ್ಲ. ಡೈ ಬಿಡುವ ಮೊದಲು ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸಿ.

ಪಕ್ಕದ ಮನೆಯವರಿಗೆ ಸ್ಟೀರಾಯ್ಡ್ ಮಾತ್ರೆಯಲ್ಲೇ ವಾಸಿಯಾಯಿತು. ನಾವೂ ಕೇಳಬಹುದೆ? (ಹಾಸನ)

ಬೇಡ. 2020ರ ಬ್ರಿಟಿಷ್ ಪ್ರಯೋಗದಲ್ಲಿ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಪಡೆದವರಿಗೆ ಮರು ಆಪರೇಷನ್ ಕಡಿಮೆಯಾಯಿತು ನಿಜ, ಶೇ. 7.1ರ ಬದಲು 1.7. ಆದರೆ ಆರು ತಿಂಗಳಿಗೆ ಚೆನ್ನಾಗಿದ್ದವರು ಶೇ. 83.9, ಬರೀ ಹುಸಿಮಾತ್ರೆ ತಿಂದವರಲ್ಲಿ ಶೇ. 90.3. ಸಕ್ಕರೆ ಏರುತ್ತದೆ, ಸೋಂಕು ಹೆಚ್ಚುತ್ತದೆ, ಬುದ್ಧಿ ಕದಡುತ್ತದೆ. ಸ್ಕ್ಯಾನ್ ಸುಧಾರಿಸಿ ಮನುಷ್ಯ ಸೊರಗಿದರೆ ಏನು ಬಂತು?

ಅಮ್ಮನಿಗೆ ಹೃದಯದಲ್ಲಿ ಸ್ಟೆಂಟ್ ಇದೆ. ಆಸ್ಪಿರಿನ್, ಕ್ಲೋಪಿಡೋಗ್ರೆಲ್ ತೆಗೆದುಕೊಳ್ಳುತ್ತಾರೆ. ಆಪರೇಷನ್ ನಿಗದಿಯಾಗಿದೆ. ಮಾತ್ರೆ ನಿಲ್ಲಿಸಲೆ? ಆಮೇಲೆ ಆರೈಕೆ ಹೇಗೆ? (ಮೈಸೂರು)

ನೀವಾಗಿ ನಿಲ್ಲಿಸಬೇಡಿ. ಸ್ಟೆಂಟ್ ಹಾಕಿದ ತಾರೀಕು, ಅದರ ಬಗೆ, ಕೊನೆಯ ಮಾತ್ರೆ ನುಂಗಿದ ಹೊತ್ತು, ಇವನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ರಕ್ತ ತೆಳುವಾಗಿಸುವ ಈ ಎರಡೂ ಮಾತ್ರೆಗಳ ಪರಿಣಾಮ ಒಂದು ವಾರದ ಹತ್ತಿರ ಉಳಿಯುತ್ತದೆ. ಸ್ಟೆಂಟ್ ಹಾಕಿ ಕೆಲವೇ ತಿಂಗಳಾಗಿದ್ದರೆ, ಬಿಟ್ಟಾಗ ಅದು ಕಟ್ಟಿಕೊಳ್ಳುವ ಭಯ ಹೆಚ್ಚು. ಯಾವುದನ್ನು ಎಷ್ಟು ದಿನ ಬಿಡಬೇಕು, ಯಾವಾಗ ಮತ್ತೆ ಶುರುಮಾಡಬೇಕು ಎಂಬುದನ್ನು ಹೃದಯದ ವೈದ್ಯರೂ ಶಸ್ತ್ರವೈದ್ಯರೂ ಮಾತಾಡಿ ತೀರ್ಮಾನಿಸಲಿ. ಹೃದಯದ ಕವಾಟಕ್ಕಾಗಿ ವಾರ್ಫರಿನ್ ಎಂಬ ಹೆಪ್ಪುತಡೆ ಮಾತ್ರೆ ತೆಗೆದುಕೊಳ್ಳುವವರ ಲೆಕ್ಕವೇ ಬೇರೆ, ಅಲ್ಲಿ ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಎಂದು ಹೇಳುವ ಐ.ಎನ್.ಆರ್. ಅಂಕಿಯನ್ನು ಇಳಿಸಿಯೇ ಕೈಹಾಕುತ್ತಾರೆ.

ಡ್ರೈನ್ ಸಾಮಾನ್ಯವಾಗಿ 48 ಗಂಟೆ ಇರುತ್ತದೆ. ಅದರ ಚೀಲವನ್ನು ತಲೆಗಿಂತ ಮೇಲೆ ಎತ್ತಬೇಡಿ, ಹೊರಬಂದ ದ್ರವ ಒಳಕ್ಕೆ ಮರಳಬಹುದು. ರಾತ್ರಿ ಗೊಂದಲದಲ್ಲಿ ಅವರೇ ಕೊಳವೆ ಎಳೆದುಹಾಕುವುದುಂಟು, ಪಕ್ಕದಲ್ಲಿ ಒಬ್ಬರು ಎಚ್ಚರವಿರಿ. ಮನೆಗೆ ಬಂದ ಮೇಲೆ ತಲೆನೋವು ಹೆಚ್ಚುತ್ತಾ ಹೋದರೆ, ಹಗಲೂ ನಿದ್ದೆಗೆ ಜಾರುತ್ತಿದ್ದರೆ, ಕಾಲು ಎಳೆದರೆ, ಫಿಟ್ಸ್ ಬಂದರೆ ಅಥವಾ ಗಾಯ ಒಸರಿದರೆ ಮುಂದಿನ ತಪಾಸಣೆಯ ತಾರೀಕಿಗೆ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಕರೆತಂದು ಸಿ.ಟಿ. ಮಾಡಿಸಿ.