ಗಮಕ ತರಗತಿ ಬಿಟ್ಟ ಲಲಿತಮ್ಮ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದ ಹಾಗೆ ಹೆಸರು ಮತ್ತು ಮನೆಯ ಕೆಲವು ವಿವರಗಳನ್ನು ಬದಲಾಯಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಮೈಸೂರಿನ ಈ ಹಿರಿಯರನ್ನು ಲಲಿತಮ್ಮ ಎಂದು ಕರೆಯೋಣ. ವಯಸ್ಸು 64. ಟೆಲಿಫೋನ್ ಎಕ್ಸ್‌ಚೇಂಜಿಗೆ ಆಪರೇಟರ್ ಆಗಿ ಸೇರಿದವರು, ಆಮೇಲೆ ಕಚೇರಿ ಕೆಲಸಕ್ಕೆ ಬಂದರು. 2020ರ ಜನವರಿಯಲ್ಲಿ ಬಿಎಸ್‌ಎನ್‌ಎಲ್‌ನ ಎಷ್ಟೋ ಸಾವಿರ ಜನ ಒಟ್ಟಿಗೇ ಸ್ವಯಂ ನಿವೃತ್ತಿ ತೆಗೆದುಕೊಂಡರಲ್ಲ, ಅವರಲ್ಲಿ ಇವರೂ ಒಬ್ಬರು.

ನನ್ನ ಹತ್ತಿರ ಅವರನ್ನು ಕರೆತಂದದ್ದು ಮಗಳು. ಬೆಂಗಳೂರಿನಿಂದ ರಜೆ ಹಾಕಿ ಬಂದಿದ್ದಳು. ಅಮ್ಮನಿಗೆ ಮರೆವಿನ ಕಾಯಿಲೆ ಶುರುವಾಗಿದೆ ಅನ್ನೋದು ಅವಳ ಭಯ. ಫೋನಿನಲ್ಲಿ ಒಂದು ಪಟ್ಟಿಯನ್ನೇ ಬರೆದುಕೊಂಡಿದ್ದಳು. ಕೇಳಿದ್ದು ಒಂದಾದರೆ ಅಮ್ಮ ಹೇಳೋದು ಇನ್ನೊಂದು. ಕುಕ್ಕರಿನಲ್ಲಿ ಬೇಳೆ ಸೀದು ತಳ ಹಿಡಿದಿದೆ, ಒಂದು ಸಲ ಅಲ್ಲ, ಮತ್ತೆ ಮತ್ತೆ. ಫೋನ್ ಎತ್ತೋದಿಲ್ಲ. ಎತ್ತಿದರೂ 'ಹೂಂ, ಸರಿ, ಇಡ್ತೀನಿ' ಅಂತ ಮುಗಿಸಿಬಿಡುತ್ತಾರೆ. ಟಿವಿ ಮುಂದೆ ಕೂತಿರುತ್ತಾರೆ, ಆದರೆ ಧಾರಾವಾಹಿಯಲ್ಲಿ ಏನಾಯ್ತು ಅಂದರೆ ಗೊತ್ತಿಲ್ಲ. ಎಲ್ಲಕ್ಕಿಂತ ದೊಡ್ಡ ವಿಷಯ ಕೊನೆಯಲ್ಲಿತ್ತು: ಒಂದು ದಿನವೂ ತಪ್ಪಿಸದೆ ಹೋಗುತ್ತಿದ್ದ ಕಲಿಕಾ ಕೂಟಕ್ಕೆ ಹೋಗುವುದನ್ನು ಥಟ್ಟನೆ ನಿಲ್ಲಿಸಿಬಿಟ್ಟಿದ್ದಾರೆ.

ಈ ಕೂಟದ ಬಗ್ಗೆ ಸ್ವಲ್ಪ ಹೇಳಬೇಕು, ಯಾಕೆಂದರೆ ಪ್ರಕರಣದ ಅರ್ಧ ಅಲ್ಲೇ ಇದೆ. ನಿವೃತ್ತರೇ ಕೂಡಿ ನಡೆಸುವ ಕೂಟ ಅದು. ಪರೀಕ್ಷೆ ಇಲ್ಲ, ಸರ್ಟಿಫಿಕೇಟ್ ಇಲ್ಲ, ಕಾಫಿಗೆ ಅಂತ ತಿಂಗಳಿಗೆ ಒಂದಿಷ್ಟು ದುಡ್ಡು ಹಾಕಿದರೆ ಆಯಿತು. ಸೋಮವಾರ ಗಮಕ. ಒಬ್ಬರು ಕಾವ್ಯವನ್ನು ರಾಗವಾಗಿ ವಾಚನ ಮಾಡುತ್ತಾರೆ, ಇನ್ನೊಬ್ಬರು ವ್ಯಾಖ್ಯಾನ ಮಾಡುತ್ತಾರೆ. ಬುಧವಾರ ಮೊಬೈಲ್ ಪಾಠ: ಫೋನಿನಿಂದ ದುಡ್ಡು ಕಳಿಸೋದು, ನವೆಂಬರಿನಲ್ಲಿ ಪಿಂಚಣಿಯ ಜೀವನ ಪ್ರಮಾಣ ಪತ್ರಕ್ಕೆ ಮನೆಯಲ್ಲೇ ಮುಖ ತೋರಿಸಿ ಮುಗಿಸೋದು, ಮೋಸದ ಕರೆ ಗುರುತಿಸೋದು. ಶುಕ್ರವಾರ ಸದಸ್ಯರಲ್ಲಿ ಒಬ್ಬರು ತಾವು ಜೀವಮಾನವಿಡೀ ಮಾಡಿದ ಕೆಲಸದ ಬಗ್ಗೆ ಮಾತಾಡುತ್ತಾರೆ. ರೈಲ್ವೆ ವರ್ಕ್‌ಶಾಪಿನವರು, ಲೈನ್‌ಮನ್ ಆಗಿದ್ದವರು, ನರ್ಸ್ ಆಗಿದ್ದವರು ಎಲ್ಲ ಇದ್ದಾರೆ. ಶನಿವಾರ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಡೆಯುತ್ತಾ ಮರ, ಹಕ್ಕಿ ಗುರುತಿಸುತ್ತಾರೆ. ನಿವೃತ್ತರಿಗಾಗಿ ಇಂಥ ಕಲಿಕೆ 1973ರಲ್ಲಿ ಫ್ರಾನ್ಸಿನ ಟುಲೂಸ್‌ನಲ್ಲಿ ವಿಶ್ವವಿದ್ಯಾಲಯದ ಆಶ್ರಯದಲ್ಲಿ ಶುರುವಾಯಿತು. 1980ರ ದಶಕದ ಮೊದಲಲ್ಲಿ ಬ್ರಿಟನ್ನಿನವರು ಪ್ರಾಧ್ಯಾಪಕರನ್ನು ಬಿಟ್ಟು ಸದಸ್ಯರೇ ಒಬ್ಬರಿಗೊಬ್ಬರು ಕಲಿಸುವ ಪದ್ಧತಿಗೆ ಬಂದರು. ನಮ್ಮ ಈ ಕೂಟದವರು ಅದನ್ನು ನೋಡಿ ಮಾಡಿದವರಲ್ಲ, ಆದರೂ ಅದೇ ದಾರಿಗೆ ಬಂದಿದ್ದಾರೆ. ಕೆಲಸ ಬಿಟ್ಟ ಮೇಲೆ 'ನಿಮಗೆ ಏನು ಗೊತ್ತು, ನಮಗೂ ಹೇಳಿ' ಅಂತ ಕೇಳುವ ಜಾಗ ಎಷ್ಟು ಕಡೆ ಇರುತ್ತದೆ ಹೇಳಿ? ಅಂಥ ಜಾಗವನ್ನು ಯಾರಾದರೂ ಬಿಟ್ಟರೆ ಅದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ.

ಮೊದಲ ಭೇಟಿಯಲ್ಲಿ ನಾನು ಏನು ಕೇಳಿದರೂ ಮಗಳೇ ಉತ್ತರ ಕೊಡುತ್ತಿದ್ದಳು. ಪ್ರೀತಿಯಿಂದಲೇ. ಲಲಿತಮ್ಮ ಮಾತ್ರ ಮಗಳ ಕಣ್ಣನ್ನು ನೋಡುತ್ತಿರಲಿಲ್ಲ, ತುಟಿಯನ್ನು ನೋಡುತ್ತಿದ್ದರು. ನಾನು ನೀರಿನ ಲೋಟ ತೆಗೆದುಕೊಳ್ಳಲು ಆ ಕಡೆ ತಿರುಗಿ, 'ತಿಂಡಿ ಆಯ್ತಾ ಅಮ್ಮ?' ಅಂದೆ. ಉತ್ತರ ಬರಲಿಲ್ಲ. ಈ ಕಡೆ ತಿರುಗಿ ಅದನ್ನೇ ಕೇಳಿದೆ. 'ಆಯ್ತು ಮೇಡಂ, ಬೆಳಿಗ್ಗೆ ಎಂಟಕ್ಕೇ' ಅಂದರು.

ಮಗಳನ್ನು ಸ್ವಲ್ಪ ಹೊತ್ತು ಹೊರಗೆ ಕೂರಲು ಹೇಳಿದೆ. ರಸ್ತೆ ಕಡೆಯ ಕಿಟಕಿ ಮುಚ್ಚಿದೆ, ಫ್ಯಾನ್ ನಿಲ್ಲಿಸಿದೆ, ಕುರ್ಚಿಯನ್ನು ಹತ್ತಿರ ಎಳೆದುಕೊಂಡೆ. ಆಮೇಲೆ ಅವರು ಬಾಯಿ ಬಿಟ್ಟರು.

'ನನಗೆ ಅರಳುಮರಳು ಶುರುವಾಯ್ತು ಅಂತ ಅವಳು ಅಂದ್ಕೊಂಡಿದಾಳೆ. ನನಗೂ ಹಾಗೇ ಅನ್ಸುತ್ತೆ.'

ಕೂಟ ಬಿಟ್ಟದ್ದು ಯಾಕೆ ಅಂತ ಕೇಳಿದೆ. ಆ ಸೋಮವಾರ ಅವರು ಹಿಂದಿನ ಸಾಲಿನಲ್ಲಿ ಕೂತಿದ್ದರು. ವಾಚನ ಮುಗಿದಿತ್ತು. ವ್ಯಾಖ್ಯಾನ ಮಾಡುವವರು ಇವರ ಕಡೆ ನೋಡಿ, 'ಲಲಿತಮ್ಮನವರೇ, ಈ ಪದ್ಯದ ಅರ್ಥ ಹೇಳಿ ನೋಡೋಣ' ಅಂದರು. ಇವರಿಗೆ ಕೇಳಿಸಿದ್ದು 'ಅರ್ಧ ಹೇಳಿ' ಅಂತ. ಎದ್ದು ನಿಂತು, ಪುಸ್ತಕ ನೋಡದೆ, ಪದ್ಯದ ಮೊದಲ ಮೂರು ಸಾಲನ್ನು ರಾಗವಾಗಿ ಹಾಡಿ ನಿಲ್ಲಿಸಿದರು. ಭಾಮಿನಿ ಷಟ್ಪದಿಗೆ ಆರು ಸಾಲು. ಉದ್ದನೆಯ ಮೂರನೇ ಸಾಲಿಗೆ ಸರಿಯಾಗಿ ಅರ್ಧ. ಯಾರೋ ನಕ್ಕರು. ಅದನ್ನು ನೋಡಿ ಇನ್ನೂ ಕೆಲವರು ನಕ್ಕರು. ಯಾಕೆ ನಗುತ್ತಿದ್ದಾರೆ ಅಂತ ಇವರಿಗೆ ಗೊತ್ತಾಗಲಿಲ್ಲ, ಪಕ್ಕದವರನ್ನು ಕೇಳಿದರು. 'ಹೋಗ್ಲಿ ಬಿಡಿ, ಏನಿಲ್ಲ' ಅಂದರು ಅವರು. ಕಾಫಿ ಹೊತ್ತಿನಲ್ಲಿ ಗೆಳತಿಯೊಬ್ಬರು ವಿಷಯ ಹೇಳಿದಾಗ ಇವರಿಗೆ ನೆಲ ಬಿರಿದ ಹಾಗಾಯಿತು. ಲೋಟ ಅಲ್ಲೇ ಇಟ್ಟು ಮನೆಗೆ ಬಂದರು. ಮತ್ತೆ ಹೋಗಲಿಲ್ಲ.

'ಕಿವಿಯಿಂದ ಅನ್ನ ಸಂಪಾದಿಸಿದವಳು ಮೇಡಂ ನಾನು' ಅಂದರು. 'ಬೇರೆ ಊರಿನ ಕರೆ ಜೋಡಿಸೋ ಟ್ರಂಕ್ ಲೈನಿನಲ್ಲಿ ಗೊರಗೊರ ಅಂತಿದ್ರೂ ಊರಿನ ಹೆಸರು, ನಂಬರು ಒಂದೂ ತಪ್ಪಾಗಿ ಕೇಳಿಸ್ಕೊಂಡವಳಲ್ಲ.'

ನನಗೆ ಅವರ ಮಾತಿನಲ್ಲಿ ಎದ್ದು ಕಂಡದ್ದು ಬೇರೆಯೇ. ಕೇಳಿದ ತಕ್ಷಣ ಪುಸ್ತಕವಿಲ್ಲದೆ ಷಟ್ಪದಿಯನ್ನು ಹೇಳಿ, ಸರಿಯಾಗಿ ಅರ್ಧಕ್ಕೆ ನಿಲ್ಲಿಸುವವರ ನೆನಪಿಗೆ ಏನಾಗಿದೆ? ತಮಗೆ ಕೇಳಿಸಿದ ಪ್ರಶ್ನೆಗೆ ಅವರು ಸರಿಯಾದ ಉತ್ತರವನ್ನೇ ಕೊಟ್ಟಿದ್ದರು. ಪ್ರಶ್ನೆ ಅವರನ್ನು ಸರಿಯಾಗಿ ತಲುಪಿರಲಿಲ್ಲ, ಅಷ್ಟೇ.

ಈ ಕಣ್ಣಿನಿಂದ ನೋಡಿದರೆ ಮಗಳ ಪಟ್ಟಿಯೂ ಬೇರೆಯಾಗಿ ಕಾಣುತ್ತದೆ. ವಯಸ್ಸಾದ ಹಾಗೆ ಕಿವಿಯಲ್ಲಿ ಮೊದಲು ಹೋಗುವುದು ಕೀರಲು, ತೆಳು ಶಬ್ದಗಳು. ಮಾತಿನಲ್ಲಿ ಸ್ವರಗಳು ಉಳಿಯುತ್ತವೆ. ಸ, ಶ, ತ, ಪ, ಕ ಥರದ ಅಕ್ಷರಗಳು ಜಾರುತ್ತವೆ. ಯಾರೋ ಮಾತಾಡುತ್ತಿದ್ದಾರೆ ಅನ್ನೋದು ಗೊತ್ತಾಗುತ್ತದೆ, ಏನು ಅನ್ನೋದು ಗೊತ್ತಾಗೋದಿಲ್ಲ. ಸುತ್ತ ಗಲಾಟೆ ಇದ್ದರಂತೂ ಮುಗಿಯಿತು. ಒಳಗಿನ ರೂಮಿನಲ್ಲಿ ಟಿವಿ ಹಾಕಿಕೊಂಡಿದ್ದಾಗ ಕುಕ್ಕರ್ ಕೂಗಿದ್ದು ಅವರಿಗೆ ಕೇಳಿಸಿಲ್ಲ. ಫೋನಿನಲ್ಲಿ ತುಟಿ ಕಾಣುವುದಿಲ್ಲ, ಹಾಗಾಗಿ 'ಹೂಂ, ಸರಿ'. ಗಮಕದಲ್ಲಿ ವಾಚನ ಅವರಿಗೆ ಚೆನ್ನಾಗಿಯೇ ದಕ್ಕುತ್ತಿತ್ತು, ಯಾಕೆಂದರೆ ಅಲ್ಲಿ ಸ್ವರವನ್ನು ಎಳೆದು ಹಾಡುತ್ತಾರೆ, ಪದ್ಯವೂ ಪರಿಚಯದ್ದು. ಜಾರುತ್ತಿದ್ದದ್ದು ಸರಸರ ಸಾಗುವ ವ್ಯಾಖ್ಯಾನ.

ಹಾಗಂತ ಅಂದಾಜಿನ ಮೇಲೆ ಬಿಡುವ ಹಾಗಿಲ್ಲ. ಹಿರಿಯರಲ್ಲಿ ಖಿನ್ನತೆ ಇದೆಯಾ ಅಂತ ನೋಡಲು ಹೌದು–ಇಲ್ಲ ಉತ್ತರದ 15 ಪ್ರಶ್ನೆಗಳ ಪಟ್ಟಿಯೊಂದಿದೆ. ನಾನು ಓದಿ ಹೇಳದೆ ಹಾಳೆಯನ್ನೇ ಕೈಗೆ ಕೊಟ್ಟೆ. ಬೇಸರ ಇತ್ತು, ಅವಮಾನ ಇತ್ತು. ಆದರೆ ನಿದ್ದೆ, ಊಟ ಸರಿಯಿತ್ತು, ಮತ್ತೆ ಓದಬೇಕು ಅನ್ನುವ ಆಸೆಯೂ ಇತ್ತು. ನೆನಪಿನ ಪರೀಕ್ಷೆಯನ್ನು ಮಾತ್ರ ಮುಂದಕ್ಕೆ ಹಾಕಿದೆ. ಅದರಲ್ಲಿ ಕೆಲವು ಪದಗಳನ್ನು ಹೇಳಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳುತ್ತಾರೆ. ಪದವೇ ಸರಿಯಾಗಿ ಕೇಳಿಸದವರು ಅದರಲ್ಲಿ ತಪ್ಪುತ್ತಾರೆ, ಆ ತಪ್ಪು ಮರೆವಿನ ಲೆಕ್ಕಕ್ಕೆ ಹೋಗುತ್ತದೆ. ಇದನ್ನು ಮಗಳಿಗೆ ಒತ್ತಿ ಹೇಳಿದೆ: ಮೊದಲು ಕಿವಿ, ಆಮೇಲೆ ನೆನಪು.

ಮೊದಲು ಕಿವಿ–ಮೂಗು–ಗಂಟಲು ವೈದ್ಯರು ಗುಗ್ಗೆ ಕಟ್ಟಿದೆಯಾ ಅಂತ ನೋಡಿದರು. ಆಮೇಲೆ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಿ ಶ್ರವಣ ಪರೀಕ್ಷೆ ಮಾಡಿಸಿದರು. 1960ರ ದಶಕದಿಂದ ಇದೇ ಕೆಲಸ ಮಾಡುತ್ತಿರುವ ಸಂಸ್ಥೆ ನಮ್ಮ ಊರಲ್ಲೇ ಇದೆ, ಆದರೂ ಎಷ್ಟೋ ಮನೆಯವರು ಅಲ್ಲಿಗೆ ಹೋಗೋದು ತುಂಬ ತಡವಾಗಿ. ಎರಡೂ ಕಿವಿಯಲ್ಲಿ ಮಧ್ಯಮ ಮಟ್ಟದ ದೋಷ, ಕೀರಲು ಶಬ್ದಗಳ ಕಡೆ ಜಾಸ್ತಿ ಅಂತ ಬಂತು. ಶ್ರವಣ ಸಾಧನ ಹಾಕಿಕೊಳ್ಳಲು ಹೇಳಿದರು.

ಇಲ್ಲಿಂದ ನನ್ನ ಕೆಲಸ ನಿಜವಾಗಿ ಶುರುವಾಯಿತು. 'ಮರೆವು ಅಂದಿದ್ರೂ ಪರವಾಗಿರ್ಲಿಲ್ಲ, ಕಿವುಡಿ ಅಂತಾರಲ್ಲ' ಅಂತ ಲಲಿತಮ್ಮ ಅತ್ತರು. ಕನ್ನಡಕ ಹಾಕಿದವರನ್ನು ಯಾರೂ ಆಡಿಕೊಳ್ಳುವುದಿಲ್ಲ, ಕಿವಿಗೆ ಮಿಷನ್ ಹಾಕಿದವರನ್ನು ಇವತ್ತಿಗೂ ಆಡಿಕೊಳ್ಳುತ್ತಾರೆ. ಅವರ ಸಂಕಟ ಸುಳ್ಳಲ್ಲ. ಅದರಲ್ಲೂ ಇವರು ಕಳೆದುಕೊಂಡದ್ದು ತಮಗೆ ಹೆಸರು ತಂದುಕೊಟ್ಟ ಕಿವಿಯನ್ನು. ಎರಡು ಭೇಟಿಯನ್ನು ಬರೀ ಅದಕ್ಕೇ ಬಿಟ್ಟೆ. ಸಮಾಧಾನ ಹೇಳಲು ಹೋಗಲಿಲ್ಲ, ಎಕ್ಸ್‌ಚೇಂಜಿನ ದಿನಗಳ ಬಗ್ಗೆ ಕೇಳಿದೆ. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಅಂತ ಮೂರು ಥರದ ಟ್ರಂಕ್ ಕಾಲ್, ಒಂದೊಂದಕ್ಕೂ ಒಂದೊಂದು ದರ. ಹೆರಿಗೆಯ ಸುದ್ದಿ, ಸಾವಿನ ಸುದ್ದಿ ಎಲ್ಲ ತಮ್ಮ ಕೈ ಮೇಲೇ ಹಾದುಹೋದದ್ದು. ಹೇಳುತ್ತಾ ಹೇಳುತ್ತಾ ಅವರ ಬೆನ್ನು ನೆಟ್ಟಗಾಯಿತು.

ಶ್ರವಣ ಸಾಧನದ ಬಗ್ಗೆ ನಾನು ಕೊಟ್ಟ ಸಲಹೆ ಹೀಗಿತ್ತು. ಮೊದಲ ದಿನವೇ ಹಾಕಿಕೊಂಡು ಮದುವೆ ಮನೆಗೆ ಹೋಗಬೇಡಿ. ಮನೆಯಲ್ಲಿ, ಸದ್ದಿಲ್ಲದ ರೂಮಿನಲ್ಲಿ, ಒಂದೆರಡು ಗಂಟೆಯಿಂದ ಶುರುಮಾಡಿ. ಆಮೇಲೆ ಒಬ್ಬರ ಜೊತೆ ಮಾತು, ಆಮೇಲೆ ಟಿವಿ, ಕೊನೆಗೆ ಕೂಟ. ಮೊದಮೊದಲು ನಲ್ಲಿ ನೀರು, ಪ್ಲಾಸ್ಟಿಕ್ ಕವರು, ಪಾತ್ರೆಯ ಸದ್ದು ತಲೆ ಚಿಟ್ಟು ಹಿಡಿಸುತ್ತವೆ. ಬಹಳ ದಿನದಿಂದ ಬಾರದಿದ್ದ ಶಬ್ದಗಳಿಗೆ ಮಿದುಳು ಮತ್ತೆ ಹೊಂದಿಕೊಳ್ಳಲು ಕೆಲವು ವಾರ ಬೇಕು. ಹೊಂದದಿದ್ದರೆ ಡಬ್ಬಿಯಲ್ಲಿ ಇಟ್ಟು ಸುಮ್ಮನಾಗಬೇಡಿ, ಹೊಂದಿಸಿಕೊಟ್ಟವರ ಹತ್ತಿರ ಮತ್ತೆ ಹೋಗಿ. ಇನ್ನೊಂದು: ಕೇಳಿಸದಿದ್ದಾಗ ತಲೆ ಆಡಿಸಬೇಡಿ. 'ನನಗೆ ಕಿವಿ ಸ್ವಲ್ಪ ಮಂದ, ಈ ಕಡೆ ತಿರುಗಿ ಹೇಳಿ' ಅಂತ ನೀವೇ ಮೊದಲು ಹೇಳಿಬಿಡಿ. ಈ ವಾಕ್ಯವನ್ನು ನನ್ನ ರೂಮಿನಲ್ಲೇ ಅವರು ಹಲವು ಸಲ ಹೇಳಿ ರೂಢಿ ಮಾಡಿಕೊಂಡರು. ಮೊದಲ ಸಲ ಹೇಳುವಾಗ ಗಂಟಲು ಕಟ್ಟಿತ್ತು.

ಮಗಳಿಗೆ ಹೇಳಿದ್ದು: ಅಮ್ಮನ ಪರವಾಗಿ ಉತ್ತರ ಕೊಡಬೇಡ. ಕೂಗಿ ಮಾತಾಡಬೇಡ, ನಿಧಾನವಾಗಿ ಮಾತಾಡು. ಒಂದು ಸಲ ಅರ್ಥವಾಗದಿದ್ದರೆ ಅದೇ ಮಾತನ್ನು ಜೋರಾಗಿ ಹೇಳುವ ಬದಲು ಬೇರೆ ಪದದಲ್ಲಿ ಹೇಳು. ಬರೀ ಫೋನ್ ಬದಲು ವಿಡಿಯೊ ಕಾಲ್ ಮಾಡು, ತುಟಿ ಕಾಣುತ್ತದೆ. ಡಿಮೆನ್ಶಿಯಾ, ಅಂದರೆ ಮರೆವಿನ ಕಾಯಿಲೆ, ಅದರ ಬಗ್ಗೆ ಅವಳು ಬಿಡದೆ ಕೇಳಿದಳು. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗದ 2024ರ ವರದಿ, ನಾವು ಸರಿಪಡಿಸಿಕೊಳ್ಳಬಹುದಾದ 14 ಅಪಾಯದ ಅಂಶಗಳಲ್ಲಿ ಕಿವಿ ಮಂದವಾಗುವುದನ್ನೂ, ಜನರಿಂದ ದೂರವಾಗಿ ಒಂಟಿಯಾಗುವುದನ್ನೂ ಸೇರಿಸಿದೆ. ಕಿವಿ ಮಂದವಾದವರಿಗೆಲ್ಲ ಮರೆವು ಬರುತ್ತದೆ ಅಂತ ಇದರ ಅರ್ಥ ಅಲ್ಲ. ಆದರೆ ಸಾಧನ ಹಾಕಿಸಿ ಕೂಟಕ್ಕೆ ಮರಳಿಸಲು ಇದಕ್ಕಿಂತ ದೊಡ್ಡ ಕಾರಣ ಬೇಕಾ?

ಲಲಿತಮ್ಮನ ಒಪ್ಪಿಗೆ ಪಡೆದು ಕೂಟದ ಸಂಚಾಲಕರ ಜೊತೆ ಮಾತಾಡಿದೆ. ಹೈಸ್ಕೂಲ್ ಮೇಷ್ಟ್ರಾಗಿದ್ದವರು, ಬಹಳ ನೊಂದುಕೊಂಡರು. ನಕ್ಕವರಿಂದ ಕ್ಷಮೆ ಕೇಳಿಸುತ್ತೇನೆ ಅಂದರು. ಲಲಿತಮ್ಮನಿಗೆ ಅದು ಬೇಡವಾಗಿತ್ತು, ಮತ್ತೆ ಎಲ್ಲರ ಮುಂದೆ ತಾವೇ ವಿಷಯವಾಗುವುದು ಅವರಿಗೆ ಇಷ್ಟವಿರಲಿಲ್ಲ. ಹಾಗಾಗಿ ಯಾರ ಹೆಸರೂ ಎತ್ತದೆ ಕೂಟದ ರೂಢಿಯನ್ನೇ ಬದಲಾಯಿಸಲು ಕೇಳಿಕೊಂಡೆ.

ಒಂದು ಮಧ್ಯಾಹ್ನ ಆ ಹಾಲಿಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತು ನೋಡಿದೆ. ವ್ಯಾಖ್ಯಾನ ಮಾಡುವವರು ಕೂರುತ್ತಿದ್ದದ್ದು ಕಿಟಕಿಗೆ ಬೆನ್ನು ಹಾಕಿ, ಮುಖವೆಲ್ಲ ನೆರಳು. ತಲೆ ಮೇಲೆ ಮೂರು ಫ್ಯಾನ್. ವಾಚನದ ಮಧ್ಯದಲ್ಲೇ ಸ್ಟೀಲ್ ಲೋಟಗಳು ಬರುತ್ತಿದ್ದವು. ಹಿಂದಿನ ಸಾಲಿನಲ್ಲಿ ಕೂತರೆ ನನಗೇ ಅರ್ಧ ಮಾತು ಸಿಗಲಿಲ್ಲ. ಕುರ್ಚಿಗಳನ್ನು ಅರ್ಧಚಂದ್ರದ ಹಾಗೆ ಹಾಕಿ, ಮಾತಾಡುವವರ ಮುಖಕ್ಕೆ ಬೆಳಕು ಬೀಳಲಿ ಅಂದೆ. ಪದ್ಯದ ಸಂಖ್ಯೆಯನ್ನು, ಕೇಳುವ ಪ್ರಶ್ನೆಯನ್ನು ಬೋರ್ಡ್ ಮೇಲೆ ಬರೆಯಿರಿ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬೇಡ. ಕಾಫಿ ಮುಗಿದ ಮೇಲೆ ಬರಲಿ. 'ಏನಂದ್ರಿ?' ಅಂತ ಯಾರು ಕೇಳಿದರೂ 'ಹೋಗ್ಲಿ ಬಿಡಿ' ಅನ್ನಬೇಡಿ. ಲಲಿತಮ್ಮನಿಗೆ ಆ ನಗುವಿಗಿಂತ ಜಾಸ್ತಿ ಚುಚ್ಚಿದ್ದು ಈ ಎರಡು ಪದ.

ಬದಲಾವಣೆ ಮಾಡಿದ ಮೇಲೆ ಸಂಚಾಲಕರಿಗೂ ಗೊತ್ತಿಲ್ಲದ ಒಂದು ವಿಷಯ ಹೊರಬಿತ್ತು. ಲೈನ್‌ಮನ್ ಆಗಿದ್ದವರೊಬ್ಬರು ಎದ್ದು, 'ನಾನೂ ಇಷ್ಟು ದಿನ ಸುಮ್ನೆ ತಲೆ ಆಡಿಸ್ತಿದ್ದೆ ಸಾರ್' ಅಂದರಂತೆ. ಇನ್ನೂ ಕೆಲವರು ದನಿಗೂಡಿಸಿದರು. ಕೂಟದಿಂದಲೇ ಒಂದು ಗುಂಪು ಶ್ರವಣ ಪರೀಕ್ಷೆಗೆ ಹೋಗಿ ಬಂತು.

ಲಲಿತಮ್ಮನನ್ನು ನೇರ ಗಮಕಕ್ಕೆ ಕಳಿಸಲಿಲ್ಲ. ಮೊದಲು ಶನಿವಾರದ ಕೆರೆ ನಡಿಗೆ, ಒಬ್ಬ ಗೆಳತಿಯ ಜೊತೆ ಮಾತ್ರ. ಅಲ್ಲಿ ಗೋಡೆ ಇಲ್ಲ, ಫ್ಯಾನ್ ಇಲ್ಲ, ಒಬ್ಬರ ಮಾತು ಒಬ್ಬರಿಗೆ. ಆಮೇಲೆ ಶುಕ್ರವಾರ. ಟ್ರಂಕ್ ಎಕ್ಸ್‌ಚೇಂಜಿನ ಬಗ್ಗೆ ಅವರೇ ಮಾತಾಡಿದರು. ಮಾತಾಡುವವರು ತಾವೇ ಆದಾಗ ಕಿವಿಯ ಮೇಲೆ ಭಾರ ಕಡಿಮೆ, ಅದಕ್ಕೇ ಆ ದಿನವನ್ನು ಆರಿಸಿದ್ದು. ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಕೊಡಲಿ ಅಂತ ಅವರೇ ಸಂಚಾಲಕರಿಗೆ ಹೇಳಿದ್ದರು. ಗಮಕಕ್ಕೆ ಮರಳಿದ್ದು ಅದರ ಮುಂದಿನ ಸೋಮವಾರ. ಈಗ ಮುಂದಿನ ಸಾಲಿನಲ್ಲಿ ಕೂರುತ್ತಾರೆ.

ಸಾಧನ ಹೊಂದಿಕೊಂಡ ಮೇಲೆ ನೆನಪಿನ ಪರೀಕ್ಷೆಯನ್ನೂ ಮಾಡಿಸಿದೆವು. ಚಿಂತೆ ಮಾಡುವಂಥದ್ದು ಏನೂ ಕಾಣಲಿಲ್ಲ. ವರ್ಷ ಬಿಟ್ಟು ಇನ್ನೊಮ್ಮೆ ನೋಡೋಣ ಅಂತ ಹೇಳಿದ್ದೇನೆ. ಗಲಾಟೆ ಇರುವ ಕಡೆ ಈಗಲೂ ಕಷ್ಟವೇ, ಸಾಧನ ಹಳೆಯ ಕಿವಿಯನ್ನು ವಾಪಸ್ ಕೊಡುವುದಿಲ್ಲ. ಅದನ್ನು ಅವರಿಗೆ ಮೊದಲೇ ಹೇಳಿದ್ದೆ. ಇಂಥ ಮನೆಗಳಲ್ಲಿ ಯಾರನ್ನು ಕೇಳಬೇಕು ಅಂತ ಗೊತ್ತಾಗದಿದ್ದರೆ ಹಿರಿಯರ ಸಹಾಯವಾಣಿ 14567 ಇದೆ. ಮನಸ್ಸಿಗೆ ಸಂಬಂಧಿಸಿದ ತೊಂದರೆಗೆ ಟೆಲಿ ಮಾನಸ್ 14416 ಇದೆ. ಎರಡಕ್ಕೂ ದುಡ್ಡಿಲ್ಲ.

ಬಾಕಿ ಇರುವುದು ಯಜಮಾನರ ವಿಷಯ. ಇನ್ನೊಂದು ರೂಮಿನಿಂದ ಮಾತಾಡಬೇಡಿ, ಎದುರಿಗೆ ಬಂದು ಹೇಳಿ ಅಂದರೆ, 'ಇಷ್ಟು ವರ್ಷ ಹೀಗೇ ಮಾತಾಡಿದ್ದೀನಲ್ಲ' ಅಂತಾರೆ. ಮಗಳು ಹೇಳುವ ಪ್ರಕಾರ ಟಿವಿ ಸೌಂಡ್ ಜಾಸ್ತಿ ಮಾಡುವುದು ಅವರೇ. ಮುಂದಿನ ತಿಂಗಳು ಅವರನ್ನೂ ಪರೀಕ್ಷೆಗೆ ಕರೆದುಕೊಂಡು ಹೋಗುತ್ತೇನೆ ಎಂದು ಲಲಿತಮ್ಮ ಒಪ್ಪಿದ್ದಾರೆ.