ಹೊಸ ಮನೆ ಕಟ್ಸೋದು ತಪ್ಪಾ?

ಕುಮಟಾದ ಓದುಗರೊಬ್ರು ಸಿಟ್ಟಾಗಿ ಬರ್ದಿದಾರೆ: ನಿಮ್ಮ ಪತ್ರಿಕೇಲಿ ಬರೋ ವಿಡಂಬನೆ ಕಥೆಗಳಲ್ಲಿ ಬರೀ ಮಧ್ಯಮ ವರ್ಗದವ್ರನ್ನೇ ಆಡ್ಕೊಳ್ತೀರಿ, ನಮ್ಮಪ್ಪ ಸೈಕಲ್ ತುಳೀತಿದ್ರು, ನಾನು ಸಾಲ ಮಾಡಿ ಕಾರು ತಗೊಂಡೆ, ಮನೆ ಕಟ್ಸಿದೆ, ಇದ್ರಲ್ಲಿ ನಗೋಕೆ ಏನಿದೆ?

ಏನೂ ಇಲ್ಲ ಮಾರಾಯ್ರೇ. ಕಷ್ಟಪಟ್ಟು ಮೇಲೆ ಬಂದವ್ರನ್ನ ನೋಡಿ ನಗೋನು ಕಥೆಗಾರನೇ ಅಲ್ಲ, ಒಪ್ಪಿದೆ. ಆದ್ರೆ ನೀವು ಕಥೇನ ಅರ್ಧಕ್ಕೇ ಬಿಟ್ಟಿದೀರಿ ಅನ್ಸತ್ತೆ. ಪಕ್ಕದ ಮನೆಯವ್ರು ತಗೊಂಡ್ರು ಅಂತ ನಾವೂ ತಗೊಳ್ತೀವಲ್ಲ, ನಾಕು ಜನ ಏನಂತಾರೋ ಅಂತ, ಆ ಹೆದರಿಕೆ ಬಗ್ಗೆ ಇರೋ ಕಥೆಗಳು ಅವು.

ಸಿಂಕ್ಲೇರ್ ಲೂಯಿಸ್‌ನ ಬ್ಯಾಬಿಟ್ ಕಾದಂಬರಿ ಓದಿ ನೋಡಿ, 1922ರದ್ದು. ಅಮೆರಿಕದ ಒಬ್ಬ ಸೈಟು-ಮನೆ ಬ್ರೋಕರ್, ಮನೆ ತುಂಬ ಹೊಸ ಸಾಮಾನು, ಕ್ಲಬ್ಬಲ್ಲಿ ಎಲ್ರೂ ಹೇಳಿದ್ದನ್ನೇ ತಾನೂ ಹೇಳ್ತಾನೆ. ನಡುವೆ ಒಮ್ಮೆ ತಿರುಗಿ ಬೀಳ್ತಾನೆ, ಊರಿನ ದೊಡ್ಡ ಮನುಷ್ಯರೆಲ್ಲ ದೂರ ಮಾಡ್ದಾಗ ಕಂಗಾಲಾಗಿ ವಾಪಸ್ ಬರ್ತಾನೆ. ಕೊನೇಲಿ ಮಗನ ಹತ್ರ, ಜೀವಮಾನದಲ್ಲಿ ನನಗೆ ಬೇಕಾದ್ದು ಒಂದೂ ಮಾಡ್ಲಿಲ್ಲ ಅಂತ ಹೇಳ್ಕೊಳ್ತಾನೆ. ಅಲ್ಲಿ ನಗು ಬರಲ್ಲ, ಗಂಟಲು ಕಟ್ಟತ್ತೆ. ಅದಕ್ಕೂ ಮೊದ್ಲು ಬಂದ, ಸಣ್ಣ ಊರಿನ ಬದುಕನ್ನ ಆಡ್ಕೊಳ್ಳೋ ಮೇನ್ ಸ್ಟ್ರೀಟ್ ಕಾದಂಬರಿ ಓದಿ ಲೂಯಿಸ್‌ನ ಹುಟ್ಟೂರು ಸಾಕ್ ಸೆಂಟರ್ ಜನ ನಿಮ್ಮಂಗೇ ಸಿಟ್ಟಾಗಿದ್ರು. ಆಮೇಲೆ ಅದೇ ಊರಲ್ಲಿ ಒಂದು ರಸ್ತೆಗೆ ಅವನ ಹೆಸರಿಟ್ರು.

ಅಷ್ಟು ದೂರ ಯಾಕೆ, ನಮ್ಮ ಅಂಕೋಲಾದ ವಿವೇಕ ಶಾನಭಾಗರ ಘಾಚರ್ ಘೋಚರ್ ಕಾದಂಬರಿ ಇಲ್ವಾ? ಮಸಾಲೆ ವ್ಯಾಪಾರದ ದುಡ್ಡು ಬಂದು, ಇರುವೆ ಕಾಟದ ಸಣ್ಣ ಮನೆ ಬಿಟ್ಟು ದೊಡ್ಡ ಮನೆಗೆ ಹೋದ ಕುಟುಂಬ, ದುಡಿಯೋ ಚಿಕ್ಕಪ್ಪನ ಸುತ್ತ ಎಲ್ರೂ ಕಾವಲು ನಿಲ್ತಾರೆ. ಓದ್ತಾ ಓದ್ತಾ ನಮ್ಮನೆ ಊಟದ ಮೇಜೇ ಕಣ್ಣಿಗೆ ಬರತ್ತೆ.

ಶಿರಸಿ ಕಡೆ ಒಂದು ಗೃಹಪ್ರವೇಶಕ್ಕೆ ಹೋಗಿದ್ದೆ, ಅಡಿಕೆಗೆ ಒಳ್ಳೆ ರೇಟು ಸಿಕ್ಕ ವರ್ಷ. ಹಳೇ ಮನೆಯ ಕೆತ್ತನೆ ಕಂಬ ಮಾರಾಗಿತ್ತು, ತಾಳಮದ್ದಳೆ ಆಗ್ತಿದ್ದ ಜಗಲಿ ಹೋಗಿ ಹಾಲ್ ಬಂದಿತ್ತು, ಹಾಲಲ್ಲಿ ದೊಡ್ಡ ಸೋಫಾ, ಪ್ಲಾಸ್ಟಿಕ್ ಕವರ್ ಕೂಡ ತೆಗ್ದಿಲ್ಲ. ಅಜ್ಜಿ ಟೈಲ್ಸ್ ಮೇಲೆ ಕಂಬಳಿ ಹಾಸ್ಕೊಂಡು ಎಲೆ-ಅಡಿಕೆ ಕವಳ ಹಾಕ್ತಾ ಕೂತಿದ್ರು. ಮೇಲೆ ಕೂತ್ಕೊಳ್ಳಿ ಅಂದ್ರೆ "ಅದು ನೆಂಟ್ರಿಗೆ ಇಟ್ಟಿದ್ದು ತಮಾ" ಅಂದ್ರು. ಜಗಲಿ ಯಾಕೆ ತೆಗ್ಸಿದ್ರಿ ಅಂತ ಯಜಮಾನ್ರನ್ನ ಕೇಳ್ದೆ. "ಈಗ ಯಾರು ಇಡ್ತಾರೆ?" ಅಷ್ಟೇ ಉತ್ತರ. ಜಗಲಿ ಅವ್ರಿಗೆ ಇಷ್ಟ ಇತ್ತು, ಅದು ಮುಖದಲ್ಲೇ ಕಾಣ್ತಿತ್ತು!

ಎಲ್ಲದ್ರಲ್ಲೂ ಇದೇ ಆಗಿದೆ. ತೋಟ ನೋಡ್ಕೊಂಡಿರೋ ಹುಡುಗನಿಗೆ ಹೆಣ್ಣು ಕೊಡಲ್ಲ, ಬೆಂಗಳೂರಲ್ಲಿ ಬಾಡಿಗೆ ಮನೇಲಿರೋನಿಗೆ ಕೊಡ್ತಾರೆ. ಟಿವಿಗೆ ಇಡೀ ಗೋಡೆ, ಪುಸ್ತಕಕ್ಕೆ ಒಂದು ಗೂಡೂ ಇಲ್ಲ. ಮಗು ಚಿತ್ರ ಬರೀತೀನಿ ಅಂದ್ರೂ ಪಿಯುಸಿ ಸೈನ್ಸೇ. ಇದನ್ನೆಲ್ಲ ಯಾರಾದ್ರೂ ಬರೀಬೇಕಲ್ಲ? ನಮಗೆ ಬರೋ ಕಥೆಗಳಲ್ಲಿ ಮಳೆ, ಸಮುದ್ರ, ಅಜ್ಜನ ಮನೆ ಬಿಟ್ಟು ಬೇರೆ ಇರಲ್ಲ. ಈಗಿನ ಮನೆ ಬಗ್ಗೆ ಬರೀರಪ್ಪ ಅಂದ್ರೆ "ಸರ್, ಊರಲ್ಲಿ ಬೇಜಾರಾಗ್ತಾರೆ" ಅಂತಾರೆ ಹುಡುಗ್ರು. ಅವರಿಗೂ ಇಲ್ಲೇ ಹೇಳ್ತಿದೀನಿ, ಬೇಜಾರಾದವ್ರು ನನಗೆ ಪತ್ರ ಬರೀತಾರೆ, ಉತ್ತರ ನಾನು ಕೊಡ್ತೀನಿ, ನೀವು ಬರೀರಿ.